39,731 ಬೈಟಿನ ಟರ್ಬೊ

ಹೊಸಪೇಟೆ–ಕೊಪ್ಪಳ ಹೆದ್ದಾರಿಯ ಹಿಟ್ನಾಳದಂಥ ಊರುಗಳಿಂದ ಬಿಸಿಎ, ಡಿಪ್ಲೊಮಾ, ಎಂಜಿನಿಯರಿಂಗ್ ಎಂದು ದಿನಾ ಬಸ್ಸು ಹತ್ತುವ ಮಕ್ಕಳು ಮೊದಲ ಸೆಮಿಸ್ಟರಿನಲ್ಲೇ ಕೇಳುವ ಪ್ರಶ್ನೆ ಒಂದಿದೆ: "ಸರ, ನಂದು ನಾಕು ಜಿಬಿ ರ‍್ಯಾಮಿನ ಹಳೇ ಲ್ಯಾಪ್‌ಟಾಪ್ ಐತ್ರಿ. ಪ್ರೋಗ್ರಾಂ ಬರಿಯಾಕ ಯಾವುದು ಹಾಕ್ಕೊಳ್ಳಲಿ?" ನನ್ನ ಲೆಕ್ಕದಲ್ಲಿ ಇದು ಇಡೀ ಕಂಪ್ಯೂಟರ್ ಶಿಕ್ಷಣದ ದೊಡ್ಡ ಪ್ರಶ್ನೆ. ಸಣ್ಣ ಯಂತ್ರದಲ್ಲಿ ಪ್ರೋಗ್ರಾಂ ಬರೆಯುವುದು ಹೇಗೆ ಎಂಬುದಕ್ಕೆ ಮೊದಲ ಗಟ್ಟಿ ಉತ್ತರ ಸಿಕ್ಕಿದ್ದು 1983ರಲ್ಲಿ. ಅದರ ಹಿಂದೆ ಇದ್ದವನು ಡೆನ್ಮಾರ್ಕಿನ 22 ವರ್ಷದ ಹುಡುಗ, ಆಂಡರ್ಸ್ ಹೈಲ್ಸ್‌ಬರ್ಗ್.

ಆಗಿನ ಪರಿಸ್ಥಿತಿ ಗೊತ್ತಿದ್ದರೆ ಅವನು ಮಾಡಿದ್ದರ ಬೆಲೆ ತಿಳಿಯುತ್ತದೆ. ಪ್ರೋಗ್ರಾಂ ಬರೆಯಲು ಒಂದು ಎಡಿಟರ್. ಬರೆದು, ಉಳಿಸಿ, ಹೊರಗೆ ಬರಬೇಕು. ಆಮೇಲೆ ಅದನ್ನು ಯಂತ್ರದ ಭಾಷೆಗೆ ಅನುವಾದಿಸುವ ಕಂಪೈಲರನ್ನು ಕರೆಯಬೇಕು. ಅದು ಫ್ಲಾಪಿಯಿಂದ ಓದಿ ಫ್ಲಾಪಿಗೇ ಬರೆಯುತ್ತಾ ಹಲವು ಸುತ್ತು ಹಾಕುತ್ತಿತ್ತು. ಅದು ಮುಗಿದ ಮೇಲೆ ತುಂಡುಗಳನ್ನು ಬೆಸೆಯುವ ಲಿಂಕರ್. ಎಲ್ಲ ಸರಿಯಿದ್ದರೆ ಪ್ರೋಗ್ರಾಂ ಓಡುತ್ತಿತ್ತು. ಎಲ್ಲೋ ಒಂದು ಅರ್ಧವಿರಾಮ ಬಿಟ್ಟುಹೋಗಿದ್ದರೆ ಮತ್ತೆ ಮೊದಲಿನಿಂದ, ತಾಲ್ಲೂಕು ಕಚೇರಿಯಲ್ಲಿ ಒಂದು ಸಹಿಗಾಗಿ ಕಿಟಕಿಯಿಂದ ಕಿಟಕಿಗೆ ಅಲೆದ ಹಾಗೆ. ಬೇಸಿಕ್ ಭಾಷೆಯಲ್ಲಿ ಈ ಅಲೆದಾಟ ಇರಲಿಲ್ಲ, ನಿಜ. ಆದರೆ ಅದರ ಓಟ ನಿಧಾನ, ಶಿಸ್ತೂ ಕಡಿಮೆ. ಶಿಸ್ತು ಕಲಿಸಲೆಂದೇ ಸ್ವಿಟ್ಜರ್ಲೆಂಡಿನ ನಿಕ್ಲಾಸ್ ವಿರ್ತ್ 1970ರಲ್ಲಿ ಪ್ಯಾಸ್ಕಲ್ ಭಾಷೆಯನ್ನು ರೂಪಿಸಿದ್ದರು. ಭಾಷೆಯೇನೋ ಕಲಿಯುವವರಿಗಾಗಿಯೇ ಹುಟ್ಟಿತ್ತು. ಅದನ್ನು ಮನೆಯ ಸಣ್ಣ ಯಂತ್ರದ ಮೇಲೆ ವೇಗವಾಗಿ, ಅಗ್ಗವಾಗಿ ಓಡಿಸುವ ಸಾಧನ ಮಾತ್ರ ಇರಲಿಲ್ಲ.

ಹೈಲ್ಸ್‌ಬರ್ಗ್ ಬಳಿ ಇದ್ದದ್ದು ನ್ಯಾಸ್ಕಾಂ ಎಂಬ ಬ್ರಿಟಿಷ್ ಕಿಟ್ ಕಂಪ್ಯೂಟರ್. ಬಿಡಿಭಾಗ ಕೊಂಡು ಕೈಯಾರೆ ಜೋಡಿಸಿಕೊಳ್ಳುವ ಯಂತ್ರ ಅದು. ಅದರೊಳಗೆ ಕೂರುವ ಪ್ಯಾಸ್ಕಲ್ ಕಂಪೈಲರನ್ನು ಅವನು ಜಡ್-80 ಚಿಪ್ಪಿನ ಅಸೆಂಬ್ಲಿ ಭಾಷೆಯಲ್ಲಿ ಬರೆದ. ಜಾಗ ಇದ್ದದ್ದು 12 ಕೆಬಿ. ಇಂದು ಫೋನಿನಲ್ಲಿ ಕಳಿಸುವ ಒಂದು ಫೋಟೊಗೆ ಅದರ ಎಷ್ಟೋ ಪಟ್ಟು ಬೇಕು. ಜಾಗದ ಬಡತನವೇ ಅವನಿಗೆ ದಾರಿ ತೋರಿಸಿತು. ಹಲವು ಸುತ್ತಿನ ಬದಲು ಒಂದೇ ಸುತ್ತಿನಲ್ಲಿ ಅನುವಾದ ಮುಗಿಯಬೇಕು, ಫ್ಲಾಪಿಯ ಗೋಜಿಲ್ಲದೆ ಎಲ್ಲವೂ ಮೆಮೊರಿಯೊಳಗೇ ನಡೆಯಬೇಕು. ಇದೇ ಕಂಪೈಲರ್ ಬೆಳೆದು ಕಂಪಾಸ್ ಪ್ಯಾಸ್ಕಲ್ ಆಯಿತು. ಅಮೆರಿಕದಲ್ಲಿ ಬೋರ್ಲ್ಯಾಂಡ್ ಕಂಪನಿ ನಡೆಸುತ್ತಿದ್ದ ಫ್ರೆಂಚ್ ಮನುಷ್ಯ ಫಿಲಿಪ್ ಕಾನ್ ಅದರ ಪರವಾನಗಿ ಪಡೆದರು. ಅದಕ್ಕೊಂದು ಎಡಿಟರ್ ಜೋಡಿಸಿ 1983ರ ನವೆಂಬರಿನಲ್ಲಿ ಟರ್ಬೊ ಪ್ಯಾಸ್ಕಲ್ ಎಂದು ಮಾರುಕಟ್ಟೆಗೆ ತಂದರು. ಬೇರೆ ಕಂಪೈಲರುಗಳಿಗೆ ನೂರಾರು ಡಾಲರ್ ಇದ್ದ ಕಾಲದಲ್ಲಿ ಇದರ ಬೆಲೆ 49 ಡಾಲರ್ 95 ಸೆಂಟ್.

ಅದರ ಮೂರನೆಯ ಆವೃತ್ತಿಯ ಮುಖ್ಯ ಫೈಲಿನ ಗಾತ್ರ 39,731 ಬೈಟ್. ಎಡಿಟರ್, ಕಂಪೈಲರ್, ಪ್ರೋಗ್ರಾಂ ಓಡಿಸುವ ಲೈಬ್ರರಿ, ಮೂರೂ ಅದರಲ್ಲೇ. ಗಾತ್ರಕ್ಕಿಂತ ನನಗೆ ದೊಡ್ಡದಾಗಿ ಕಾಣುವುದು ಇನ್ನೊಂದು ಗುಣ. ತಪ್ಪು ಸಿಕ್ಕಿದ ಕೂಡಲೇ ಟರ್ಬೊ ಅಲ್ಲಿಗೇ ನಿಂತು, ಎಡಿಟರ್ ತೆರೆದು, ಕರ್ಸರನ್ನು ಆ ತಪ್ಪಿನ ಜಾಗದಲ್ಲೇ ಇಡುತ್ತಿತ್ತು. ನೂರು ಸಾಲಿನ ದೂರುಪಟ್ಟಿ ಇಲ್ಲ. ಒಂದು ತಪ್ಪು, ತಿದ್ದು, ಮತ್ತೆ ಓಡಿಸು. ಹೊಸದಾಗಿ ಕಲಿಯುವವರಿಗೆ ಬೇಕಾದದ್ದು ಇಷ್ಟೇ. ತಪ್ಪಿಗೂ ತಿದ್ದುಪಡಿಗೂ ನಡುವೆ ಹೊತ್ತು ಹೋದರೆ ಏನು ಮಾಡುತ್ತಿದ್ದೆವು ಎಂಬುದೇ ಮರೆತುಹೋಗುತ್ತದೆ.

1987ರಲ್ಲಿ ಅದೇ ಕಂಪನಿಯ ಟರ್ಬೊ ಸಿ ಬಂತು. ಕರ್ನಾಟಕದ ಕಾಲೇಜುಗಳ ಒಂದಿಡೀ ತಲೆಮಾರು ಪ್ರೋಗ್ರಾಮಿಂಗ್ ಕಲಿತದ್ದು ಅದರ ನೀಲಿ ಪರದೆಯ ಮುಂದೆ ಕೂತು. ಕಂಟ್ರೋಲ್ ಎಫ್ 9 ಒತ್ತಿದರೆ ಓಟ, ಆಲ್ಟ್ ಎಫ್ 5 ಒತ್ತಿದರೆ ಉತ್ತರ: ಇದು ಇಂದಿಗೂ ಎಷ್ಟೋ ಜನರ ಬೆರಳಲ್ಲಿದೆ. ಆ ಪರದೆಗೆ ನಾವು ಋಣಿಗಳು. ಆದರೆ ಅದನ್ನು ಈಗಲೂ ಮಕ್ಕಳಿಗೆ ಕೊಡುವುದು ಸರಿಯಲ್ಲ. ಅದು 16 ಬಿಟ್ಟಿನ ಡಾಸ್ ಪ್ರೋಗ್ರಾಂ. 64 ಬಿಟ್ಟಿನ ವಿಂಡೋಸ್ ಮೇಲೆ ಅದು ನೇರವಾಗಿ ಓಡುವುದಿಲ್ಲ, ಡಾಸ್‌ಬಾಕ್ಸ್ ಎಂಬ ಊರುಗೋಲು ಬೇಕು. ಪ್ರತಿ ಪ್ರೋಗ್ರಾಮಿನ ತಲೆಯಲ್ಲಿ ಬಾಯಿಪಾಠ ಮಾಡಿಸುವ 'ಕೋನಿಯೋ' ಹೆಡರ್ ಸಿ ಭಾಷೆಯ ಪ್ರಮಾಣಿತ ಭಾಗವೇ ಅಲ್ಲ. ಕನ್ನಡದ ಅಕ್ಷರವಂತೂ ಅದಕ್ಕೆ ಗೊತ್ತೇ ಇಲ್ಲ.

ಹಾಗೆಂದು ಈಗ ಎಲ್ಲರೂ ಹೇಳುವ ವಿಎಸ್ ಕೋಡ್ ಎಂಬ ಎಡಿಟರಿಗೆ ನೇರವಾಗಿ ಹಾರುವುದೂ ತರವಲ್ಲ. ಅದು ತನ್ನ ಹೊಟ್ಟೆಯೊಳಗೆ ಒಂದು ಬ್ರೌಸರನ್ನೇ ಹೊತ್ತಿದೆ, ಹೀಗಾಗಿ ಮೆಮೊರಿ ಹೆಚ್ಚು ತಿನ್ನುತ್ತದೆ. ಸಿ ಕಂಪೈಲರ್ ಅದರಲ್ಲಿ ಇರುವುದಿಲ್ಲ. ಬೇರೆ ತಂದು, ಪಾತ್ ಹೊಂದಿಸಬೇಕು. ಮೊದಲ ವಾರವೆಲ್ಲ ಅದರಲ್ಲೇ ಕಳೆದುಹೋಗುತ್ತದೆ. ಇಲ್ಲೊಂದು ಸಂಗತಿ ಹೇಳಲೇಬೇಕು. ವಿಎಸ್ ಕೋಡ್ ಬರೆದಿರುವುದು ಟೈಪ್‌ಸ್ಕ್ರಿಪ್ಟ್ ಭಾಷೆಯಲ್ಲಿ, ಆ ಭಾಷೆಯ ಮುಖ್ಯ ಶಿಲ್ಪಿ ಇದೇ ಹೈಲ್ಸ್‌ಬರ್ಗ್. ಟೈಪ್‌ಸ್ಕ್ರಿಪ್ಟ್ ಕಂಪೈಲರನ್ನು ಗೋ ಭಾಷೆಗೆ ಬದಲಾಯಿಸುತ್ತಿರುವುದಾಗಿ ಅವರು 2025ರ ಮಾರ್ಚಿನಲ್ಲಿ ಪ್ರಕಟಿಸಿದರು. ವಿಎಸ್ ಕೋಡ್‌ನ ಸುಮಾರು 15 ಲಕ್ಷ ಸಾಲುಗಳನ್ನು ಪರಿಶೀಲಿಸಲು 77.8 ಸೆಕೆಂಡ್ ಬೇಕಿದ್ದದ್ದು 7.5 ಸೆಕೆಂಡಿಗೆ ಇಳಿಯಿತು. ಅರವತ್ತು ದಾಟಿದ ಮೇಲೂ ಆ ಮನುಷ್ಯನಿಗೆ ಕಾಯುವುದೆಂದರೆ ಆಗದು!

ಟರ್ಬೊದ ನಿಜವಾದ ವಾರಸುದಾರ ಸಿಕ್ಕಿದ್ದು ಎಸ್ಟೋನಿಯಾದ ತಾರ್ತು ವಿಶ್ವವಿದ್ಯಾಲಯದಲ್ಲಿ. ಅಲ್ಲಿಯ ಐವಾರ್ ಅನ್ನಮಾ 2015ರಲ್ಲಿ ಥಾನಿ ಎಂಬ ಪೈಥಾನ್ ಪರಿಸರವನ್ನು ವಿದ್ವಾಂಸರ ಮುಂದಿಟ್ಟರು. ಪೈಥಾನ್ ಅದರ ಜೊತೆಗೇ ಬರುತ್ತದೆ, ಬೇರೆ ಹಾಕಿಕೊಳ್ಳಬೇಕಿಲ್ಲ. ಎಫ್ 5 ಒತ್ತಿದರೆ ಓಟ. ಚರಾಂಶಗಳ ಬೆಲೆ ಪಕ್ಕದಲ್ಲೇ ಕಾಣುತ್ತದೆ. ಹೆಜ್ಜೆ ಹೆಜ್ಜೆಯಾಗಿ ಓಡಿಸಿದರೆ ಎರಡು ಕೂಡಿಸು ಮೂರು ಎಂಬುದು ಕಣ್ಣೆದುರೇ ಐದಾಗುತ್ತದೆ. ಮುಚ್ಚದೆ ಬಿಟ್ಟ ಆವರಣವನ್ನು ಬಣ್ಣದಲ್ಲೇ ತೋರಿಸುತ್ತದೆ. ಪೈಥಾನ್ 3ರಲ್ಲಿ ಚರಾಂಶಕ್ಕೆ 'ಮೊತ್ತ' ಎಂದು ಕನ್ನಡದಲ್ಲೇ ಹೆಸರಿಟ್ಟರೂ ಪ್ರೋಗ್ರಾಂ ಓಡುತ್ತದೆ. ಇದನ್ನು ನಮ್ಮ ಮಕ್ಕಳಿಗೆ ಯಾರಾದರೂ ಒಮ್ಮೆ ತೋರಿಸಬೇಕು.

ನಾಲ್ಕು ಜಿಬಿ ಲ್ಯಾಪ್‌ಟಾಪಿನವರಿಗೆ ನನ್ನ ಮಾತು ಇಷ್ಟು. ಪೈಥಾನ್ ಕಲಿಯುವುದಿದ್ದರೆ ಥಾನಿ ಹಾಕಿಕೊಳ್ಳಿ. ಸಿ ಕಲಿಯುವುದಿದ್ದರೆ, ಲಿನಕ್ಸ್ ಮೇಲಾದರೆ ಜೀನಿ ಎಂಬ ಎಡಿಟರ್ ಮತ್ತು ಜಿಸಿಸಿ ಎಂಬ ಕಂಪೈಲರ್. ವಿಂಡೋಸ್ ಮೇಲಾದರೆ ಕಂಪೈಲರ್ ಸಮೇತ ಬರುವ ಕೋಡ್‌ಬ್ಲಾಕ್ಸ್. ಜೀನಿಯಲ್ಲೂ ದೋಷದ ಸಾಲಿನ ಮೇಲೆ ಕ್ಲಿಕ್ ಮಾಡಿದರೆ ಕರ್ಸರ್ ಆ ಜಾಗಕ್ಕೇ ಹೋಗುತ್ತದೆ. ಎಲ್ಲವೂ ಉಚಿತ. ಒಬ್ಬರು ಇಳಿಸಿಕೊಂಡು ಪೆನ್‌ಡ್ರೈವಿನಲ್ಲಿ ತಂದರೆ ಇಡೀ ತರಗತಿಗೆ ಸಾಕು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದ ಲ್ಯಾಬುಗಳಲ್ಲಿ ಕಲಿಸುವ ಮೇಷ್ಟ್ರುಗಳಲ್ಲಿ ಒಂದು ವಿನಂತಿ: ಮುಂದಿನ ಸೆಮಿಸ್ಟರಿನ ಲ್ಯಾಬ್ ಮ್ಯಾನ್ಯುಯಲ್ ಅಚ್ಚಾಗುವ ಮೊದಲೇ ಕೋನಿಯೋ ಇರುವ ಸಾಲುಗಳನ್ನು ತೆಗೆದು, ಪ್ರೋಗ್ರಾಮುಗಳನ್ನು ಜಿಸಿಸಿಯಲ್ಲಿ ಓಡಿಸಿ ನೋಡಿ.