ನಲ್ಲಿಯ ನೀರೂ ಪರದೇಶದ ಪಂಪೂ

ಕಳೆದ ವರ್ಷದ ರಾಜ್ಯೋತ್ಸವದ ಊಟದಲ್ಲಿ ಹುಳಿ ಬಡಿಸುತ್ತಿದ್ದ ಹಿರಿಯ ಅಕ್ಕನವರೊಬ್ಬರು ನನ್ನ ಎಲೆಯ ಮುಂದೆ ಸೌಟು ಹಿಡಿದು ನಿಂತುಬಿಟ್ಟರು. “ರಾಯರೇ, ನೀವು ಮೂವತ್ತು ವರ್ಷ ನೀರಿನ ಪಂಪುಗಳ ಜೊತೆ ಏಗಿದವರು. ಒಂದು ಮಾತು ಹೇಳಿ. ಊರಿನ ನೀರಿನ ಕೆಲಸಕ್ಕೆ ಕೊಳ್ಳುವ ಸಾಮಾನು ನಮ್ಮ ದೇಶದಲ್ಲೇ ತಯಾರಾಗಿರಬೇಕಂತೆ, ಹೊರಗಿನದು ಬೇಕಾದರೆ ಮೇಲಿನವರ ಅಪ್ಪಣೆ ಬೇಕಂತೆ. ಬೆಳಗಿನ ಹೊತ್ತು ನಲ್ಲಿಯಲ್ಲಿ ನೀರು ಬಂದರೆ ಸಾಲದೆ? ಪಂಪು ಯಾವ ದೇಶದ್ದಾದರೇನು?” ಎಂದರು. ಪಂಕ್ತಿಯಲ್ಲಿ ಮುಂದಿನವರು ಹುಳಿಗಾಗಿ ಕಾಯುತ್ತಿದ್ದರು. ಏನೋ ನಗೆಮಾತು ಹೇಳಿ ಆಗ ತಪ್ಪಿಸಿಕೊಂಡೆ. ಆದರೆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಸಂಪಾದಕರೂ ಬಿಡಲಿಲ್ಲ, ಆದುದರಿಂದ ಈ ಲೇಖನ.

ಮೊದಲು ನಿಯಮವೇನೆಂಬುದನ್ನು ಹೇಳಿಬಿಡುತ್ತೇನೆ. ಕೇಂದ್ರ ಸರಕಾರವು ೨೦೧೭ರ ಜೂನ್ ತಿಂಗಳಲ್ಲಿ ಸಾರ್ವಜನಿಕ ಖರೀದಿಯಲ್ಲಿ ಸ್ವದೇಶಿ ವಸ್ತುಗಳಿಗೆ ಮೊದಲ ಮಣೆ ಹಾಕಬೇಕೆಂಬ ಆಜ್ಞೆಯೊಂದನ್ನು ಹೊರಡಿಸಿತು. ೨೦೨೦ರಲ್ಲಿ ಅದನ್ನು ಬಿಗಿಗೊಳಿಸಿತು. ಅದರಂತೆ, ಒಂದು ವಸ್ತುವಿನ ಬೆಲೆಯಲ್ಲಿ ನೂರಕ್ಕೆ ಐವತ್ತು ಪಾಲಾದರೂ ಈ ದೇಶದಲ್ಲಿ ಹುಟ್ಟಿದ್ದಾದರೆ ಅದನ್ನು ಮಾರುವವನು ಮೊದಲನೆಯ ದರ್ಜೆಯವನು. ಇಪ್ಪತ್ತರಿಂದ ಐವತ್ತರವರೆಗೆ ಎರಡನೆಯ ದರ್ಜೆ. ಅದಕ್ಕೂ ಕಡಿಮೆಯಾದವನಿಗೆ ಸಾಮಾನ್ಯ ಟೆಂಡರಿನಲ್ಲಿ ಜಾಗವಿಲ್ಲ. ಸಾಗಣೆ, ವಿಮೆ, ಜೋಡಣೆಯ ಖರ್ಚುಗಳನ್ನೆಲ್ಲ ಕೂಡಿಸಿ ಪರದೇಶದ ಮಾಲನ್ನು “ಅರ್ಧ ನಮ್ಮದೇ” ಎಂದು ತೋರಿಸುವ ಚಾತುರ್ಯಕ್ಕೂ ೨೦೨೧ರಲ್ಲಿ ತಡೆ ಬಿತ್ತು. ಇನ್ನೂರು ಕೋಟಿ ರೂಪಾಯಿಗಿಂತ ಕಡಿಮೆಯ ಖರೀದಿಗೆ ಜಾಗತಿಕ ಟೆಂಡರು ಕರೆಯಬಾರದೆಂಬ ಕಟ್ಟಳೆ ೨೦೨೦ರ ಮೇ ತಿಂಗಳಿನದು. ಇವೆಲ್ಲ ದಿಲ್ಲಿಯ ಇಲಾಖೆಗಳ ಮಾತು, ನಮ್ಮ ನಗರಪಾಲಿಕೆಗೇನು ಎನ್ನುವಂತಿಲ್ಲ. ಕೇಂದ್ರದ ಹಣ ಭಾಗಶಃವಾದರೂ ಸೇರಿದ ಯೋಜನೆಗಳಲ್ಲಿ ರಾಜ್ಯಗಳೂ ಸ್ಥಳೀಯ ಸಂಸ್ಥೆಗಳೂ ಮಾಡುವ ಖರೀದಿಗೆ ಆ ಆಜ್ಞೆ ಅನ್ವಯಿಸುತ್ತದೆ. ೨೦೧೫ರಲ್ಲಿ ಆರಂಭವಾದ ಅಮೃತ್ ಯೋಜನೆಯಲ್ಲಿ ಅಹಮದಾಬಾದು, ವಡೋದರಾ, ಸೂರತ್ತು ಮೂರೂ ಇದ್ದವಷ್ಟೆ.

ಇನ್ನು ವಿನಾಯಿತಿಯ ಬಾಗಿಲು. ಅದನ್ನು ಆಜ್ಞೆಯಲ್ಲಿಯೇ ಇಟ್ಟಿದ್ದಾರೆ. ಖರೀದಿ ಮಾಡುವ ಇಲಾಖೆಯು ತನ್ನ ಮಂತ್ರಿಗಳ ಒಪ್ಪಿಗೆ ಪಡೆದು, ಕಾರಣಗಳನ್ನು ಬರಹದಲ್ಲಿ ದಾಖಲಿಸಿ, ಸ್ವದೇಶಿ ಪಾಲನ್ನು ಕಡಿಮೆ ಮಾಡಬಹುದು, ಇಲ್ಲವೆ ಒಂದು ವಸ್ತುವನ್ನು ಪೂರ್ತಿಯಾಗಿ ಹೊರಗಿಡಬಹುದು. ಅಂಥ ಆದೇಶದ ಪ್ರತಿಯನ್ನು ಸ್ಥಾಯೀ ಸಮಿತಿಗೆ ಕಳುಹಿಸಬೇಕು. ಐದು ಲಕ್ಷಕ್ಕಿಂತ ಕಡಿಮೆಯ ಸಣ್ಣಪುಟ್ಟ ಖರೀದಿಗೆ ಈ ತೊಡಕೇ ಇಲ್ಲ.

ಅಕ್ಕನವರ ಪ್ರಶ್ನೆ ನಿಜವಾಗಿ ಶುರುವಾಗುವುದು ಇಲ್ಲಿ. ಬಾಗಿಲನ್ನು ಯಾವಾಗ ತೆರೆಯಬೇಕು?

ನಮ್ಮ ಈ ಮೂರು ಊರುಗಳ ನೀರಿನ ಕಥೆಯನ್ನೇ ನೋಡೋಣ. ಅಹಮದಾಬಾದಿಗೆ ಕೊಳವೆಯ ನೀರು ಬಂದದ್ದು ೧೮೯೧ರಲ್ಲಿ, ಸಾಬರಮತಿಯ ದಂಡೆಯ ದೂಧೇಶ್ವರದಿಂದ. ಪುರಸಭೆಯ ಅಧ್ಯಕ್ಷರಾಗಿದ್ದ ರಣಛೋಡಲಾಲ್ ಛೋಟಾಲಾಲರು ಅದಕ್ಕಾಗಿ ಪಟ್ಟ ಪಾಡು ಅಷ್ಟಿಷ್ಟಲ್ಲ. ಬಾವಿಯ ನೀರು ಕುಡಿದು ಬೆಳೆದ ಜನ, ಕೊಳವೆಯ ನೀರು ಮೈಲಿಗೆಯೆಂದರು; ತೆರಿಗೆ ಕೊಡಲಾರೆವೆಂದರು. ಈ ಮಹನೀಯರೇ ೧೮೬೧ರಲ್ಲಿ ಆ ಊರಿನ ಮೊದಲ ಬಟ್ಟೆಯ ಗಿರಣಿಯನ್ನು ನಡೆಸಿದವರು. ಅದರ ಯಂತ್ರಗಳು ಇಂಗ್ಲೆಂಡಿನಿಂದ ಬಂದವು. ಮುಂದೆ ಸ್ವದೇಶಿ ಚಳವಳಿಯ ದಿನಗಳಲ್ಲಿ ದೇಶದ ಮೈ ಮುಚ್ಚಿದ ಅಹಮದಾಬಾದಿನ ಬಟ್ಟೆಯು ವಿಲಾಯತಿ ಯಂತ್ರದ ಮೇಲೆ ನೇಯ್ದದ್ದೆಂಬುದನ್ನು ನೆನೆದರೆ, ಹೊರಗಿನ ಯಂತ್ರವೆಂದೊಡನೆ ಮೂಗು ಮುರಿಯುವುದು ತರವಲ್ಲವೆಂದು ತೋರುತ್ತದೆ. ಯಂತ್ರ ಹೊರಗಿನದಾದರೂ ಅದನ್ನು ನಡೆಸುವ, ಬಿಚ್ಚಿ ಕೂಡಿಸುವ ಕೈಗಳು ಊರಿನವೇ ಆದವು. ಆ ಕೈಗಳ ಮಕ್ಕಳು, ಮೊಮ್ಮಕ್ಕಳು ನರೋಡಾ, ಓಢವಗಳಲ್ಲಿ ಲೇತು ಹಾಕಿಕೊಂಡು ಇಂದು ಪಂಪು ತಯಾರಿಸುತ್ತಾರೆ.

ವಡೋದರಾದ ಕಥೆ ಬೇರೆ. (ನಮ್ಮ ಹಿರಿಯರು ಬಡೋದೆ ಎನ್ನುತ್ತಿದ್ದರು, ನನ್ನ ನಾಲಿಗೆಗೂ ಅದೇ ರೂಢಿ.) ಮೂರನೆಯ ಸಯಾಜಿರಾವ್ ಗಾಯಕವಾಡರು ಊರಿನ ಪೂರ್ವಕ್ಕೆ ಆಜ್ವಾದಲ್ಲಿ ಮಣ್ಣಿನ ಕಟ್ಟೆ ಕಟ್ಟಿಸಿ, ೧೮೯೦ರ ದಶಕದ ಆರಂಭದಲ್ಲಿ ಊರಿಗೆ ನೀರು ತಂದರು. ಸರೋವರ ಎತ್ತರದಲ್ಲಿದೆ, ಊರು ತಗ್ಗಿನಲ್ಲಿದೆ. ನೀರು ತನ್ನ ಪಾಡಿಗೆ ತಾನು ಇಳಿದು ಬರುತ್ತದೆ. ಎತ್ತುವ ಪಂಪೇ ಬೇಡವಾದರೆ ಸ್ವದೇಶವೋ ಪರದೇಶವೋ ಎಂಬ ಜಗಳವೂ ಇಲ್ಲ! ಆದರೆ ಎಲ್ಲ ಊರಿಗೂ ಆಜ್ವಾ ಇರುವುದಿಲ್ಲ, ಇದ್ದರೂ ಬೆಳೆದ ಊರಿಗೆ ಸಾಲುವುದಿಲ್ಲ. ಮುಂದೆ ವಡೋದರಾ ಮಹೀನದಿಯ ಪಾತ್ರಕ್ಕೆ ಹೋಗಬೇಕಾಯಿತು. ಫಾಜಲಪುರ, ರಾಯಕಾ, ದೋಡಕಾ, ಪೋಯಿಚಾಗಳಲ್ಲಿರುವ ದೊಡ್ಡ ಬಾವಿಗಳಿಗೆ ಜನ “ಫ್ರೆಂಚ್ ಬಾವಿ” ಎನ್ನುತ್ತಾರೆ. ಸೂರತ್ತಿನವರೂ ತಾಪಿಯಲ್ಲಿ ಇಂಥವನ್ನೇ ಕಟ್ಟಿದ್ದಾರೆ. ನದಿಯ ಮರಳಿನಲ್ಲಿ ಕಾಂಕ್ರೀಟಿನ ಅಗಲವಾದ ಬಾವಿಯನ್ನು ಇಳಿಸಿ, ಅದರ ತಳದಿಂದ ಚಕ್ರದ ಅರೆಗಳಂತೆ ತೂತಿನ ಕೊಳವೆಗಳನ್ನು ಸುತ್ತಲೂ ಮರಳಿನೊಳಕ್ಕೆ ತೂರಿಸುತ್ತಾರೆ, ಮರಳೇ ಸೋಸಿಕೊಡುತ್ತದೆ. ಅಮೆರಿಕದ ರ‍್ಯಾನಿ ಎಂಬ ಇಂಜಿನಿಯರು ೧೯೩೦ರ ದಶಕದಲ್ಲಿ ಈ ಬಗೆಯ ಬಾವಿಯನ್ನು ರೂಢಿಗೆ ತಂದನು. ವಿದ್ಯೆ ಒಮ್ಮೆ ಹೊರಗಿನಿಂದ ಬಂದಿತು. ಬಂದದ್ದು ಇಲ್ಲಿಯೇ ಉಳಿಯಿತು.

ಸೂರತ್ತಿನ ಹೆಸರು ಬಂದಾಗ ಕನ್ನಡಿಗರು ಒಬ್ಬರನ್ನು ನೆನೆಯದೆ ಮುಂದೆ ಹೋಗಲಾಗದು. ವಿಶ್ವೇಶ್ವರಯ್ಯನವರು ಮುಂಬಯಿ ಸರಕಾರದ ಸೇವೆಯಲ್ಲಿದ್ದಾಗ, ಸಿಂಧದ ಸುಕ್ಕೂರಿನ ಕೆಲಸ ಮುಗಿಸಿ, ಕೆಲಕಾಲ ಸೂರತ್ತಿನಲ್ಲಿಯೂ ಇದ್ದರು. ಸುಕ್ಕೂರಿನ ಪುರಸಭೆಗೆ ಸೋಸುವ ತೊಟ್ಟಿಗಳನ್ನು ಕಟ್ಟಲು ಹಣ ಸಾಲದು. ಅವರು ಸಿಂಧೂನದಿಯ ಪಾತ್ರದಲ್ಲಿಯೇ ಬಾವಿ ತೋಡಿಸಿ, ಮರಳಿನಲ್ಲಿ ಸೋಸಿ ಬಂದ ನೀರನ್ನು ಊರಿಗೆ ಎತ್ತಿಸಿದರು. ರ‍್ಯಾನಿಯ ಬಾವಿಗಿಂತ ನಾಲ್ವತ್ತು ವರ್ಷ ಹಿಂದಿನ ಮಾತಿದು. ಮುಂದೆ ೧೯೧೧ರಲ್ಲಿ ಕನ್ನಂಬಾಡಿಯ ಕಟ್ಟೆಯ ಕೆಲಸ ಮೊದಲಾದಾಗ ಸಿಮೆಂಟು ಹಡಗಿನಲ್ಲಿ ಬರಬೇಕಾಗಿತ್ತು; ಅದರ ಬದಲು ಸುಣ್ಣ ಮತ್ತು ಇಟ್ಟಿಗೆಯ ಪುಡಿ ಬೆರೆಸಿದ ಸುರ್ಕಿ ಗಾರೆಯಿಂದ ಕಟ್ಟೆ ಎದ್ದಿತು. ಆದರೆ ಅದೇ ಮೈಸೂರು ಸಂಸ್ಥಾನ ೧೯೦೨ರಲ್ಲಿ ಶಿವನಸಮುದ್ರದ ವಿದ್ಯುತ್ತಿಗೆ ಅಮೆರಿಕ, ಸ್ವಿಟ್ಜರ್ಲೆಂಡುಗಳ ಯಂತ್ರಗಳನ್ನು ತರಿಸಲು ಹಿಂಜರಿಯಲಿಲ್ಲ. ಟರ್ಬೈನಿಗೆ ಬದಲಿ ಇಲ್ಲ, ಗಾರೆಗೆ ಇದೆ. ಈ ವಿವೇಕ ಯಾವ ಸುತ್ತೋಲೆಯೂ ಇಲ್ಲದ ಕಾಲದಲ್ಲಿ ನಮ್ಮವರಿಗಿತ್ತು.

ಈಗ ನನ್ನ ಅನುಭವ. ಬಹಳ ವರ್ಷಗಳ ಹಿಂದೆ ಒಂದು ಊರಿನ ಪಂಪುಮನೆಯಲ್ಲಿ ನಾನು ಕೆಲಸದಲ್ಲಿದ್ದೆ. ಊರಿನ ಹೆಸರೂ ಬೇಡ, ಪಂಪಿನ ಹೆಸರೂ ಬೇಡ. ಮೂರು ಪಂಪುಗಳಲ್ಲಿ ಒಂದು ಹೊರದೇಶದ್ದು. ನೋಡಲು ಬಲು ಚೆಂದ, ಸದ್ದೇ ಇಲ್ಲ. ಕಾಗದದ ಲೆಕ್ಕದಲ್ಲಿಯೂ ಅದೇ ಗೆದ್ದಿತ್ತು, ಮತ್ತು ಆ ಲೆಕ್ಕ ಸುಳ್ಳಲ್ಲ. ಮುನ್ನೂರು ಕಿಲೋವಾಟಿನ ಪಂಪು ದಿನಕ್ಕೆ ಇಪ್ಪತ್ತು ಗಂಟೆ ಓಡುತ್ತದೆನ್ನಿ. ಅದರ ದಕ್ಷತೆ ನೂರಕ್ಕೆ ಎಂಬತ್ತರಿಂದ ಎಂಬತ್ತನಾಲ್ಕಕ್ಕೆ ಏರಿದರೆ ವರ್ಷಕ್ಕೆ ಸುಮಾರು ಒಂದು ಲಕ್ಷ ಯೂನಿಟ್ ವಿದ್ಯುತ್ತು ಉಳಿಯುತ್ತದೆ. ಯೂನಿಟ್ಟಿಗೆ ಏಳು ರೂಪಾಯಿ ಹಿಡಿದರೆ ಏಳು ಲಕ್ಷ. ಪಂಪಿನ ಬೆಲೆಗಿಂತ ಅದರ ಕರೆಂಟಿನ ಬಿಲ್ಲೇ ದೊಡ್ಡದೆಂಬುದು ಪಂಪುಮನೆಯಲ್ಲಿ ಕೂತವರಿಗೆಲ್ಲ ಗೊತ್ತು.

ನಾಲ್ಕನೆಯ ಬೇಸಗೆಯಲ್ಲಿ ಅದರ ಸೀಲು ಹೋಯಿತು. ಅಂಗೈಯಗಲದ ಬಳೆಯಂಥ ವಸ್ತು. ಸಮುದ್ರದಾಚೆಗೆ ಪತ್ರ ಹೋಯಿತು, ಬೆಲೆ ಬಂತು. ಆ ಬೆಲೆಗೆ ಮಂಜೂರಾತಿ ಬೇಕು, ಮಂಜೂರಾತಿಗೆ ಸಭೆ ಬೇಕು. ಸೀಲು ಕೈಗೆ ಬರುವ ಹೊತ್ತಿಗೆ ಎರಡು ತಿಂಗಳು ಕಳೆದು ಮಳೆ ಹಿಡಿದಿತ್ತು. ಅಷ್ಟು ದಿನ ಊರಿನ ಒಂದು ಭಾಗಕ್ಕೆ ದಿನ ಬಿಟ್ಟು ದಿನ ನೀರು. ಟ್ಯಾಂಕರಿನ ಹಿಂದೆ ಕೊಡ ಹಿಡಿದು ಓಡಿದವರಲ್ಲಿ ಟೆಂಡರು ಬರೆದವರ ಮನೆಯವರು ಯಾರೂ ಇರಲಿಲ್ಲ. ಪಕ್ಕದ ದೇಶೀ ಪಂಪು ಆ ಎರಡು ತಿಂಗಳಲ್ಲಿ ಎರಡು ಸಲ ಕೆಟ್ಟಿತು. ಎರಡು ಸಲವೂ ಮಿಸ್ತ್ರಿ ಸೈಕಲ್ಲಿನ ಮೇಲೆ ಬಂದ, ಸಂಜೆಯೊಳಗೆ ಸರಿಮಾಡಿ ಹೋದ. ವಾಚಕರೇ, ದೇಶೀ ಪಂಪು ಕೆಡುವುದಿಲ್ಲವೆಂದು ನಾನು ಹೇಳುತ್ತಿಲ್ಲ. ಹೆಚ್ಚು ಕೆಟ್ಟದ್ದು ಅದೇ. ಕೆಟ್ಟಾಗ ಅದನ್ನು ತೆರೆಯಬಲ್ಲವರು ಕೂಗಳತೆಯಲ್ಲಿದ್ದರು, ಅಷ್ಟೆ. ಟೆಂಡರಿನ ಕಾಗದದಲ್ಲಿ ಈ ಕೂಗಳತೆಗೆ ಒಂದು ಕಲಮು ಇರಲಿಲ್ಲ.

ಆದುದರಿಂದ ವಿನಾಯಿತಿ ಕೇಳುವ ಕಡತದಲ್ಲಿ ನಾನು ಮೊದಲು ಹುಡುಕುವುದು ಬೆಲೆಯನ್ನಲ್ಲ, ಕೆಟ್ಟಾಗ ತೆರೆಯುವವರು ಯಾರು ಎಂಬುದನ್ನು. ಈ ಕಣ್ಣಿನಿಂದ ನೋಡಿದರೆ ಗುಜರಾತಿನ ಊರುಗಳಿಗೆ ಪಂಪಿಗೂ ಕೊಳವೆಗೂ ವಿನಾಯಿತಿ ಬೇಕಾಗುವ ಸಂದರ್ಭ ಬಲು ಅಪರೂಪ. ವಡೋದರಾದ ಜ್ಯೋತಿ ಕಾರ್ಖಾನೆ ೧೯೪೩ರಿಂದ ಇದೆ, ದೊಡ್ಡ ಪಂಪುಗಳಿಗೆ ಹೆಸರಾದದ್ದು. ಡಕ್ಟೈಲ್ ಕಬ್ಬಿಣದ ಕೊಳವೆಗಳು ಕಛ್ಛದಲ್ಲಿಯೇ ಎರಕವಾಗುತ್ತವೆ. ಹೀಗಿದ್ದೂ “ನಮಗೆ ಇಂಥ ದೇಶದ್ದೇ ಬೇಕು” ಎಂದು ಯಾರಾದರೂ ಬರೆದರೆ, ಆ ಟೆಂಡರಿನ ವಿವರಗಳನ್ನು ಯಾರ ಕ್ಯಾಟಲಾಗಿನಿಂದ ನಕಲು ಮಾಡಿದರೆಂದು ಕೇಳುವುದು ಒಳ್ಳೆಯದು.

ಪೊರೆಯ ಮಾತು ಹಾಗಲ್ಲ. ಸೂರತ್ತಿನ ಪಾಲಿಕೆಯು ೨೦೧೪ರಲ್ಲಿ ಬಮರೋಲಿಯಲ್ಲಿ ದಿನಕ್ಕೆ ನಾಲ್ಕು ಕೋಟಿ ಲೀಟರು ಚರಂಡಿ ನೀರನ್ನು ಮತ್ತೆ ಶುದ್ಧಗೊಳಿಸಿ ಪಾಂಡೇಸರಾದ ಬಣ್ಣದ ಕಾರ್ಖಾನೆಗಳಿಗೆ ಮಾರುವ ಸ್ಥಾವರವನ್ನು ತೆರೆಯಿತು. ಕಾರ್ಖಾನೆಗಳಿಗೆ ಆ ನೀರು ಸಿಕ್ಕಷ್ಟೂ ಮನೆಗಳ ಪಾಲಿನ ಸಿಹಿನೀರು ಉಳಿಯುತ್ತದೆ. ಇಂಥ ಕೆಲಸದ ಜೀವಾಳ, ಉಪ್ಪನ್ನು ತಡೆಯುವ ಮೆಂಬ್ರೇನ್ ಎಂಬ ತೆಳುಪೊರೆ. ಭಾವನಗರದಲ್ಲಿ ೧೯೫೪ರಲ್ಲಿ ಸ್ಥಾಪಿತವಾದ ಕೇಂದ್ರೀಯ ಉಪ್ಪು ಮತ್ತು ಸಾಗರ ರಸಾಯನ ಸಂಶೋಧನಾಲಯವು ಈ ಪೊರೆಯ ಮೇಲೆ ದಶಕಗಳಿಂದ ದುಡಿದಿದೆ. ವಡೋದರಾದಲ್ಲಿ ಪೊರೆ ತಯಾರಿಸುವವರೂ ಇದ್ದಾರೆ. ಆದರೂ ದೊಡ್ಡ ಸ್ಥಾವರಗಳಿಗೆ ಹಿಡಿಸುವ ಪೊರೆಗಳಲ್ಲಿ ಹೆಚ್ಚಿನವು ಹೊರಗಿನಿಂದಲೇ ಬರುತ್ತವೆ. ಇಲ್ಲಿ ನಿಯಮವನ್ನು ಹಿಡಿದು ಕುಳಿತರೆ ಸ್ಥಾವರವೇ ನಿಲ್ಲುತ್ತದೆ. ವಿನಾಯಿತಿ ಕೊಡಲೇಬೇಕು. ಆದರೆ ಪೊರೆ ಕೆಲವು ವರ್ಷಗಳಿಗೊಮ್ಮೆ ಬದಲಾಗುವ ವಸ್ತು. ಇಂದಿನ ವಿನಾಯಿತಿ ಮುಂದಿನ ಖರೀದಿಗೂ ತಾನಾಗಿ ಅಂಟಿಕೊಳ್ಳಬಾರದು. ಪ್ರತಿಸಲವೂ ಹೊಸದಾಗಿ ಕೇಳಿ, ಹೊಸದಾಗಿ ಕಾರಣ ಬರೆಯಲಿ. ಒಂದು ಸಾಲಿಗಾದರೂ ದೇಶೀ ಪೊರೆ ಹಾಕಿ ನೋಡಲಿ. ನಡೆಯದಿದ್ದರೆ ನಡೆಯಲಿಲ್ಲವೆಂದು ಬರೆಯಲಿ. ಗಿರಾಕಿಯೇ ಇಲ್ಲದ ಕಮ್ಮಾರನು ಒಳ್ಳೆಯ ಕತ್ತಿ ಮಾಡುವುದನ್ನು ಎಲ್ಲಿ ಕಲಿಯಬೇಕು?

ಈ ಚಿಂತೆ ನಮಗೊಬ್ಬರಿಗೇ ಅಲ್ಲ. ಪ್ರಪಂಚಕ್ಕೆಲ್ಲ ಮುಕ್ತ ವ್ಯಾಪಾರದ ಉಪದೇಶ ಮಾಡುತ್ತಿದ್ದ ಅಮೆರಿಕದವರು ೨೦೦೯ರ ಆರ್ಥಿಕ ಮುಗ್ಗಟ್ಟಿನಲ್ಲಿ ಕೇಂದ್ರದ ಹಣದಿಂದ ನಡೆಯುವ ಊರೂರಿನ ನೀರಿನ ಕೆಲಸಗಳಿಗೂ ಕಬ್ಬಿಣ, ಉಕ್ಕು, ಯಂತ್ರಗಳು ಸ್ವದೇಶದವೇ ಆಗಬೇಕೆಂದು ಕಾನೂನು ಮಾಡಿದರು. ಬಿಡುಗಡೆಗೆ ಮೂರು ಕಾರಣ ಇಟ್ಟರು: ಸ್ವದೇಶದಲ್ಲಿ ಸಾಕಷ್ಟು ಪ್ರಮಾಣದಲ್ಲಿ, ತಕ್ಕ ಗುಣದಲ್ಲಿ ದೊರೆಯದಿರುವುದು, ಸ್ವದೇಶಿ ಕೊಂಡರೆ ಒಟ್ಟು ಯೋಜನೆಯ ಖರ್ಚು ನೂರಕ್ಕೆ ಇಪ್ಪತ್ತೈದಕ್ಕಿಂತ ಹೆಚ್ಚುವುದು, ಇಲ್ಲವೆ ಸಾರ್ವಜನಿಕ ಹಿತ. ಚಿಕ್ಕ ಚಿಕ್ಕ ಊರುಗಳು ಸೋಸುವ ಪೊರೆ ಮುಂತಾದವುಗಳಿಗೆ ಅರ್ಜಿ ಹಾಕಿದವು. ಕೊಟ್ಟ ವಿನಾಯಿತಿ ಊರಿನ ಹೆಸರು, ಕಾರಣಗಳ ಸಮೇತ ಸರಕಾರಿ ಗೆಜೆಟ್ಟಿನಲ್ಲಿ ಅಚ್ಚಾಯಿತು. ೨೦೨೧ರ ಕಾನೂನಿನಲ್ಲಿ, ವಿನಾಯಿತಿ ಕೊಡುವ ಮುನ್ನವೇ ಕನಿಷ್ಠ ಹದಿನೈದು ದಿನ ಸಾರ್ವಜನಿಕರ ಅಭಿಪ್ರಾಯ ಕೇಳಬೇಕೆಂದಾಯಿತು. ನನಗೆ ಹಿಡಿಸಿದ್ದು ಈ ಹದಿನೈದು ದಿನ. ಅಷ್ಟರೊಳಗೆ ಯಾವನೋ ಒಬ್ಬ ಕಾರ್ಖಾನೆಯವನು “ಅಯ್ಯಾ, ಇದನ್ನು ನಾನು ತಯಾರಿಸುತ್ತೇನಲ್ಲ!” ಎಂದು ಓಡಿಬರಬಹುದು. ಯಾರೂ ಬಾರದಿದ್ದರೆ ಹೊರಗಿನದು ತರಿಸಲು ಯಾರ ತಕರಾರೂ ಇಲ್ಲ. ನಮ್ಮ ಆಜ್ಞೆಯಲ್ಲಿ ಕಾರಣ ಬರೆಯಬೇಕು, ಸಮಿತಿಗೆ ಪ್ರತಿ ಕಳುಹಿಸಬೇಕು. ಓಢವದ ಲೇತಿನವನ ಕಣ್ಣಿಗೆ ಅದು ಬೀಳಬೇಕೆಂದಿಲ್ಲ.

ಇನ್ನೊಂದು ಮಾತನ್ನೂ ಹೇಳದಿದ್ದರೆ ಅನ್ಯಾಯವಾದೀತು. ನಿಯಮವನ್ನು ಅತಿಯಾಗಿ ಹಿಡಿದರೂ ನೀರೇ ತಡವಾಗುತ್ತದೆ. ಹದಿನೈದು ದಿನ ಸರಿ, ಹದಿನೈದು ತಿಂಗಳು ಕಡತ ಮೇಜಿನಿಂದ ಮೇಜಿಗೆ ತೆವಳಿದರೆ ಸ್ವದೇಶಿಗೂ ಲಾಭವಿಲ್ಲ, ಕೊಡ ಹಿಡಿದವರಿಗಂತೂ ಇಲ್ಲವೇ ಇಲ್ಲ. ಅಧಿಕಾರಿಗಳ ಭಯವೂ ನಿಜವಾದದ್ದೇ: ವಿನಾಯಿತಿಗೆ ಸಹಿ ಹಾಕಿದವನನ್ನು ಹತ್ತು ವರ್ಷವಾದ ಮೇಲೂ ಆಡಿಟಿನವರು ಪ್ರಶ್ನಿಸುತ್ತಾರೆ, ಹಾಕದೆ ಕುಳಿತವನನ್ನು ಯಾರೂ ಕೇಳುವುದಿಲ್ಲ.

ಇಷ್ಟನ್ನೂ ಆ ಅಕ್ಕನವರಿಗೆ ಮೊನ್ನೆ ದೂರವಾಣಿಯಲ್ಲಿ ಹೇಳಿದೆ. ತಾಳ್ಮೆಯಿಂದ ಕೇಳಿದರು. ಆಮೇಲೆ, “ತಾಳಿ ರಾಯರೇ” ಎಂದು ಫೋನನ್ನು ಕೆಳಗಿಟ್ಟು ಅಡಿಗೆಮನೆಗೆ ಹೋದರು. ನೀರು ಶುದ್ಧಮಾಡುವ ಡಬ್ಬಿಯ ಮುಚ್ಚಳ ತೆರೆದ ಸದ್ದು ಕೇಳಿಸಿತು. “ಇದರೊಳಗಿನ ಪೊರೆಯ ಮೇಲೆ ಯಾವುದೋ ಪರದೇಶದ ಹೆಸರೇ ಇದೆ. ಆದರೆ ಕೆಟ್ಟಾಗ ಬಂದು ಬದಲಾಯಿಸುವ ಹುಡುಗ ನಮ್ಮ ಬೀದಿಯವನೇ,” ಎಂದರು. ಆ ಹುಡುಗನ ಬಳಿ ಒಂದು ಹೆಚ್ಚಿನ ಪೊರೆ ಸದಾ ಇರುತ್ತದೆಯೇ ಎಂದು ವಿಚಾರಿಸಿ ಇಟ್ಟುಕೊಳ್ಳುವಂತೆ ಹೇಳಿ ಫೋನು ಇಟ್ಟೆ.