ಕೆಂಪು ಗುಂಡಿಯ ಕಪ್ಪು ಲ್ಯಾಪ್‌ಟಾಪ್

ಶಾಲೆಯ ಕಂಪ್ಯೂಟರ್ ಕೊಠಡಿಯಲ್ಲಿ ಮೇಜಿನ ಮೇಲಿಟ್ಟ ಗಣಕಯಂತ್ರವನ್ನು ನೀವು ನೋಡಿರಬಹುದು. ಅದರ ಪರದೆ, ಕೀಲಿಮಣೆ, ಮೌಸ್ ಎಲ್ಲವೂ ಬೇರೆ ಬೇರೆ. ಇವನ್ನೆಲ್ಲ ಒಂದೇ ಪೆಟ್ಟಿಗೆಯಲ್ಲಿ ಅಡಗಿಸಿ, ಚೀಲದಲ್ಲಿ ಒಯ್ಯುವಂತೆ ಮಾಡಿದ ಗಣಕಯಂತ್ರವೇ ಲ್ಯಾಪ್‌ಟಾಪ್. ಯಂತ್ರವನ್ನು ಎಷ್ಟು ಬೇಕಾದರೂ ಚಿಕ್ಕದು ಮಾಡಬಹುದು ಎಂದು ನಿಮಗೆ ಅನ್ನಿಸೀತು. ಆದರೆ ಅದನ್ನು ಬಳಸುವ ನಮ್ಮ ಕೈಬೆರಳುಗಳು ಚಿಕ್ಕದಾಗುವುದಿಲ್ಲವಲ್ಲ! ಈ ತೊಡಕನ್ನು ಎಂಜಿನಿಯರುಗಳು ಹೇಗೆ ಬಿಡಿಸಿದರು? ಥಿಂಕ್‌ಪ್ಯಾಡ್ ಎಂಬ ಹೆಸರಾಂತ ಲ್ಯಾಪ್‌ಟಾಪಿನ ಕಥೆಯಿಂದ ತಿಳಿಯೋಣ.

ಅಮೆರಿಕದ ಐಬಿಎಂ ಕಂಪನಿಯು ತನ್ನ ನೌಕರರಿಗೆ ಜೇಬಿನಲ್ಲಿ ಇಟ್ಟುಕೊಳ್ಳುವ ಪುಟ್ಟ ಟಿಪ್ಪಣಿ ಪುಸ್ತಕವನ್ನು ಕೊಡುತ್ತಿತ್ತು. ಅದರ ಮೇಲೆ ‘ಥಿಂಕ್’ ಎಂದು ಅಚ್ಚಾಗಿರುತ್ತಿತ್ತು. ಥಿಂಕ್ ಎಂದರೆ ಯೋಚಿಸು. ಆ ಪುಸ್ತಕದಿಂದಲೇ ಥಿಂಕ್‌ಪ್ಯಾಡ್ ಎಂಬ ಹೆಸರು ಬಂತು. 1992ರ ಅಕ್ಟೋಬರಿನಲ್ಲಿ ಥಿಂಕ್‌ಪ್ಯಾಡ್ 700ಸಿ ಮಾರುಕಟ್ಟೆಗೆ ಬಂದಿತು. ಜಪಾನಿನ ಯಾಮಾಟೊದಲ್ಲಿ ಅರಿಮಾಸ ನೈಟೊ ಮತ್ತು ಸಂಗಡಿಗರು ಅದರ ಒಳಭಾಗಗಳನ್ನು ರೂಪಿಸಿದರು. ಹೊರರೂಪವನ್ನು ವಿನ್ಯಾಸ ಮಾಡಿದವರು ರಿಚರ್ಡ್ ಸ್ಯಾಪರ್. ಜಪಾನಿನಲ್ಲಿ ಬೆಂಟೊ ಎಂಬ ಊಟದ ಡಬ್ಬಿ ಇದೆ. ಹೊರಗಿನಿಂದ ನೋಡಿದರೆ ಅದು ಕಪ್ಪು ಬಣ್ಣದ ಸಾದಾ ಪೆಟ್ಟಿಗೆ. ಮುಚ್ಚಳ ತೆಗೆದರೆ ಒಳಗೆ ಬಗೆಬಗೆಯ ತಿನಿಸುಗಳು! ಲ್ಯಾಪ್‌ಟಾಪ್ ಕೂಡ ಹಾಗೆಯೇ ಇರಲಿ ಎಂಬುದು ಸ್ಯಾಪರ್ ಅವರ ಯೋಚನೆ.

ಈ ಯಂತ್ರದ ತೂಕ ಸುಮಾರು 3 ಕಿಲೋಗ್ರಾಂ, ಬೆಲೆ 4,350 ಡಾಲರ್. ಸಾಮಾನ್ಯ ಜನರು ಕೊಳ್ಳುವ ವಸ್ತು ಅದಾಗಿರಲಿಲ್ಲ. 10.4 ಅಂಗುಲದ ಬಣ್ಣದ ಪರದೆ ಆ ಕಾಲಕ್ಕೆ ದೊಡ್ಡ ಅಚ್ಚರಿ. ಆದರೆ ಅದರ ಹಾರ್ಡ್ ಡಿಸ್ಕಿನಲ್ಲಿ ಹಿಡಿಸುತ್ತಿದ್ದುದು 120 ಮೆಗಾಬೈಟ್ ಮಾತ್ರ. ಇಂದಿನ ಮೊಬೈಲಿನಲ್ಲಿ ತೆಗೆದ ಕೆಲವೇ ಚಿತ್ರಗಳಿಗೆ ಅದು ತುಂಬಿಹೋಗುತ್ತದೆ.

ಕೀಲಿಮಣೆಯ ನಡುವೆ, ಜಿ, ಎಚ್, ಬಿ ಅಕ್ಷರಗಳ ಮಧ್ಯೆ, ಒಂದು ಪುಟ್ಟ ಕೆಂಪು ಗುಂಡಿ ಇತ್ತು. ಅದು ಏಕೆ ಗೊತ್ತೇ? ಅಕ್ಷರ ಒತ್ತುತ್ತಿದ್ದ ಕೈಯನ್ನು ಮೌಸಿನತ್ತ ಒಯ್ದು ಮತ್ತೆ ಹಿಂದಕ್ಕೆ ತರುವುದರಲ್ಲಿ ಪ್ರತಿ ಸಲವೂ ಸ್ವಲ್ಪ ಹೊತ್ತು ಕಳೆಯುತ್ತದೆ. ಇದನ್ನು ಗಮನಿಸಿದ ಟೆಡ್ ಸೆಲ್ಕರ್ ಎಂಬ ವಿಜ್ಞಾನಿ ಈ ಗುಂಡಿಯನ್ನು ಕಂಡುಹಿಡಿದರು. ಬೆರಳತುದಿಯಿಂದ ಅದನ್ನು ಯಾವ ಕಡೆಗೆ ನೂಕುತ್ತೇವೆಯೋ ಪರದೆಯ ಮೇಲಿನ ಬಾಣವು ಆ ಕಡೆಗೆ ಚಲಿಸುತ್ತದೆ. ಮೆಲ್ಲಗೆ ನೂಕಿದರೆ ನಿಧಾನ, ಬಲವಾಗಿ ನೂಕಿದರೆ ವೇಗ. ಕೈ ಕೀಲಿಮಣೆಯನ್ನು ಬಿಡಬೇಕಾಗಿಯೇ ಇಲ್ಲ.

1995ರಲ್ಲಿ ಬಂದ 701ಸಿ ಎಂಬ ಮಾದರಿ ಇನ್ನೂ ಸ್ವಾರಸ್ಯಕರವಾದುದು. ಅದರ ಪೆಟ್ಟಿಗೆಯ ಅಗಲ ಸುಮಾರು 25 ಸೆಂಟಿಮೀಟರ್. ಬೆರಳುಗಳಿಗೆ ಅನುಕೂಲವಾದ ಕೀಲಿಮಣೆಗೆ ಬೇಕಾದುದು ಸುಮಾರು 29 ಸೆಂಟಿಮೀಟರ್! ಜಾನ್ ಕರಿಡಿಸ್ ಎಂಬ ಎಂಜಿನಿಯರ್ ಇದಕ್ಕೆ ಉಪಾಯ ಕಂಡುಕೊಂಡರು. ನೀವೂ ಮಾಡಿ ನೋಡಿ. ಒಂದು ಹಾಳೆಯನ್ನು ಅಡ್ಡಲಾಗಿ ಇಟ್ಟುಕೊಳ್ಳಿ. ನಡುಭಾಗದಲ್ಲಿ ಓರೆಯಾಗಿ ಎರಡು ತುಂಡು ಮಾಡಿ. ಕತ್ತರಿಸಿದ ಗೆರೆಯ ಮೇಲ್ತುದಿ ಬಲಕ್ಕೂ ಕೆಳತುದಿ ಎಡಕ್ಕೂ ವಾಲಿರಲಿ. ಈಗ ಬಲಗಡೆಯ ತುಂಡನ್ನು ಓರೆ ಅಂಚಿಗೆ ತಾಗಿಸಿಕೊಂಡೇ ಕೆಳಕ್ಕೆ ಸರಿಸಿ. ಹಾಳೆಯ ಅಗಲ ಕಡಿಮೆಯಾಯಿತಲ್ಲವೇ? ಆ ಲ್ಯಾಪ್‌ಟಾಪಿನ ಕೀಲಿಮಣೆಯೂ ಹೀಗೆ ಎರಡು ತುಂಡಾಗಿತ್ತು. ಮುಚ್ಚಳ ತೆರೆದೊಡನೆ ಅವು ತಾವಾಗಿಯೇ ಸರಿದು, ಚಿಟ್ಟೆಯ ರೆಕ್ಕೆಗಳಂತೆ ಪೆಟ್ಟಿಗೆಯ ಎರಡೂ ಬದಿಗೆ ಚಾಚಿಕೊಳ್ಳುತ್ತಿದ್ದವು. ಮುಂದೆ ಪರದೆಗಳೇ ದೊಡ್ಡದಾದವು, ಪೆಟ್ಟಿಗೆಯೂ ಅಗಲವಾಯಿತು. ಹಾಗಾಗಿ ಈ ಜಾಣ್ಮೆಯ ಕೀಲಿಮಣೆ ಹೆಚ್ಚು ಕಾಲ ಬಾಳಲಿಲ್ಲ. ಆ ಲ್ಯಾಪ್‌ಟಾಪ್ ಈಗ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದ ಸಂಗ್ರಹದಲ್ಲಿದೆ.

ಒಯ್ಯುವ ವಸ್ತು ಎಂದ ಮೇಲೆ ಕೈಜಾರಿ ಬೀಳುವುದೂ ಉಂಟು. ಹಾರ್ಡ್ ಡಿಸ್ಕ್ ಎಂದರೆ ವೇಗವಾಗಿ ತಿರುಗುವ ತಟ್ಟೆ. ಅದರ ಮೇಲೆ, ಕೂದಲೆಳೆಗಿಂತಲೂ ಕಡಿಮೆ ಅಂತರದಲ್ಲಿ, ಮಾಹಿತಿ ಓದುವ ಪುಟ್ಟ ತಲೆ ಓಡಾಡುತ್ತದೆ. ಬಿದ್ದಾಗ ಅದು ತಟ್ಟೆಗೆ ಬಡಿದರೆ ಬರೆದಿಟ್ಟದ್ದೆಲ್ಲ ಹಾಳು. 2003ರಲ್ಲಿ ಥಿಂಕ್‌ಪ್ಯಾಡಿಗೆ ಚಲನೆಯನ್ನು ಅರಿಯುವ ಸಾಧನವೊಂದನ್ನು ಅಳವಡಿಸಿದರು. ಲ್ಯಾಪ್‌ಟಾಪ್ ಬೀಳತೊಡಗಿದರೆ, ಅದು ನೆಲಕ್ಕೆ ತಾಗುವ ಮೊದಲೇ ಆ ತಲೆಯನ್ನು ಪಕ್ಕಕ್ಕೆ ಸರಿಸುವ ಏರ್ಪಾಡು ಇದು. ಕೀಲಿಮಣೆಯ ಮೇಲೆ ನೀರು ಚೆಲ್ಲಿದರೆ ಕೆಳಗೆ ಹರಿದುಹೋಗಲು ಕೆಲವು ಮಾದರಿಗಳಲ್ಲಿ ರಂಧ್ರಗಳನ್ನೂ ಇಟ್ಟರು.

2005ರಲ್ಲಿ ಚೀನಾದ ಲೆನೊವೊ ಕಂಪನಿಯು ಈ ವಿಭಾಗವನ್ನು ಐಬಿಎಂನಿಂದ ಕೊಂಡುಕೊಂಡಿತು. 2008ರ ಎಕ್ಸ್300 ಮಾದರಿಯಲ್ಲಿ ತಿರುಗುವ ತಟ್ಟೆಯೇ ಇರಲಿಲ್ಲ. ಅದರ ಬದಲಿಗೆ 64 ಗಿಗಾಬೈಟ್ ಹಿಡಿಸುವ, ಅಲುಗಾಡುವ ಭಾಗಗಳಿಲ್ಲದ ಸಂಗ್ರಹ ಸಾಧನವಿತ್ತು. ಇದು 700ಸಿಯ ಡಿಸ್ಕಿಗಿಂತ 500 ಪಟ್ಟಿಗೂ ಹೆಚ್ಚು! 2012ರ ಎಕ್ಸ್1 ಕಾರ್ಬನ್ ಮಾದರಿಯಲ್ಲಿ ಹಗುರವೂ ಗಟ್ಟಿಯೂ ಆದ ಕಾರ್ಬನ್ ನಾರನ್ನು ಬಳಸಿದರು. 14 ಅಂಗುಲದ ಪರದೆ ಇದ್ದರೂ ಅದರ ತೂಕ ಸುಮಾರು 1.4 ಕಿಲೋಗ್ರಾಂ ಮಾತ್ರ.

ಆದರೆ ಅದೇ 2012ರಲ್ಲಿ ಏಳು ಸಾಲಿನ ಹಳೆಯ ಕೀಲಿಮಣೆ ಹೋಗಿ, ಬಿಡಿಬಿಡಿ ಗುಂಡಿಗಳ ಆರು ಸಾಲಿನದು ಬಂತು. ಹಳೆಯ ಬಳಕೆದಾರರು ಗೊಣಗಿದರು. ಬೆರಳುಗಳಿಗೆ ಅಭ್ಯಾಸವಾದುದನ್ನು ಬಿಡುವುದು ಸುಲಭವೇ? 2017ರಲ್ಲಿ, ಥಿಂಕ್‌ಪ್ಯಾಡಿಗೆ 25 ವರ್ಷ ತುಂಬಿದಾಗ, ಏಳು ಸಾಲಿನ ಕೀಲಿಮಣೆಯುಳ್ಳ ವಿಶೇಷ ಮಾದರಿಯೊಂದನ್ನು ಕಂಪನಿಯು ಹೊರತಂದಿತು. 2025ರ ಎಕ್ಸ್9 ಮಾದರಿಯಲ್ಲಿ ಕೆಂಪು ಗುಂಡಿಯನ್ನೂ ಕೈಬಿಟ್ಟರು. ಆದರೂ ಅದೇ ವರ್ಷ ಬಂದ ಬೇರೆ ಅನೇಕ ಥಿಂಕ್‌ಪ್ಯಾಡುಗಳಲ್ಲಿ ಅದು ಜಿ, ಎಚ್, ಬಿ ಅಕ್ಷರಗಳ ಮಧ್ಯದಲ್ಲಿಯೇ ಇತ್ತು.