ಪ್ಯಾಕ್ಸೋಸ್ ದ್ವೀಪದ ಶಾಸನಸಭೆ

ಗಣಕವಿಜ್ಞಾನದ ಪ್ರಬಂಧವೊಂದು ಕಥೆಯ ವೇಷ ತೊಟ್ಟು ಬಂದು, ಅಚ್ಚಾಗಲು ಎಂಟು ವರ್ಷ ಕಾಯಿತೆಂದರೆ ಸಾಹಿತ್ಯದ ಅಧ್ಯಾಪಕನಾದ ನನಗೆ ಕುತೂಹಲ ಹುಟ್ಟುವುದು ಸಹಜ. ಅಮೆರಿಕದ ಲೆಸ್ಲಿ ಲ್ಯಾಂಪೋರ್ಟ್ ಎಂಬ ವಿದ್ವಾಂಸರು 1990ರಲ್ಲಿ ಅದನ್ನು ಪತ್ರಿಕೆಗೆ ಕಳುಹಿಸಿದರು. ಗ್ರೀಸಿನ ಪ್ಯಾಕ್ಸೋಸ್ ದ್ವೀಪದಲ್ಲಿ ಪ್ರಾಚೀನ ಶಾಸನಸಭೆಯೊಂದರ ಕುರುಹು ದೊರೆಯಿತೆಂಬ ಕಲ್ಪಿತ ವೃತ್ತಾಂತ ಅದರಲ್ಲಿದೆ. ಕಥೆಯನ್ನು ಕಿತ್ತುಹಾಕಿರೆಂದು ಪರಿಶೀಲಕರು ಸೂಚಿಸಿದರು. ಇವರಿಗೆ ಹಾಸ್ಯಪ್ರಜ್ಞೆಯೇ ಇಲ್ಲವೆಂದು ಬೇಸತ್ತ ಲ್ಯಾಂಪೋರ್ಟರು ಪ್ರಬಂಧವನ್ನು ಬದಿಗಿಟ್ಟರು. ಅದು ಬೆಳಕು ಕಂಡದ್ದು 1998ರಲ್ಲಿ.

ಆ ಸಭೆಯ ಸದಸ್ಯರಿಗೆ ವ್ಯಾಪಾರವೇ ಮುಖ್ಯ. ಮನಬಂದಾಗ ಬರುವರು, ನಡುವೆಯೇ ಎದ್ದುಹೋಗುವರು. ದೂತರಾದರೋ ಮರೆಗುಳಿಗಳು. ಪ್ರತಿಯೊಬ್ಬನ ಕೈಯಲ್ಲೂ ಅಳಿಸಲಾಗದ ಮಸಿಯಿಂದ ಬರೆದ ಒಂದೊಂದು ದಫ್ತರವಿದೆ. ಇಂಥವರ ದಫ್ತರಗಳು ಒಂದಕ್ಕೊಂದು ವಿರುದ್ಧವಾಗದಂತೆ ನೋಡಿಕೊಳ್ಳುವುದು ಹೇಗೆ? ಬಹುಮತವಿಲ್ಲದೆ ನಿರ್ಣಯವಿಲ್ಲ ಎಂಬುದು ಉತ್ತರದ ತಿರುಳು. ಐವರಲ್ಲಿ ಯಾವ ಮೂವರನ್ನು ಎರಡು ಸಲ ಆರಿಸಿದರೂ ಒಬ್ಬನಾದರೂ ಎರಡು ಗುಂಪಿನಲ್ಲಿಯೂ ಇದ್ದೇ ಇರುವನು. ಹಿಂದಿನ ನಿರ್ಣಯದ ನೆನಪು ಅವನ ದಫ್ತರದಲ್ಲಿರುವುದು. ಮೂವರು ಕೂಡದಿದ್ದರೆ ಸಭೆ ನಿಲ್ಲುವುದೇ ಹೊರತು ತಪ್ಪು ದಾಖಲೆ ಹುಟ್ಟದು. ಸದಸ್ಯರೆಂಬಲ್ಲಿ ಗಣಕಯಂತ್ರಗಳೆಂದು ಓದಿಕೊಂಡರೆ, ಯಂತ್ರ ಕೆಟ್ಟರೂ ಲೆಕ್ಕ ಕೆಡದಂತೆ ಕಾಯುವ ಇಂದಿನ ಅನೇಕ ವ್ಯವಸ್ಥೆಗಳ ಮರ್ಮ ವಾಚಕರಿಗೆ ತಿಳಿದಂತೆಯೇ ಸರಿ.

ಆದರೆ ಪ್ಯಾಕ್ಸೋಸಿನವರು ಮರೆಯುವರು, ತಡಮಾಡುವರು; ಸುಳ್ಳಾಡರು. ಇಲ್ಲಿ ನನಗೆ ಗ್ರಂಥಸಂಪಾದನೆಯ ಪಾಠ ನೆನಪಾಗುತ್ತದೆ. ಓಲೆಗರಿಯ ಹತ್ತು ಪ್ರತಿಗಳು ಒಂದೇ ಪಾಠವನ್ನು ಹೇಳಿದರೂ ಬಲ್ಲ ಸಂಪಾದಕನು ಥಟ್ಟನೆ ಒಪ್ಪುವುದಿಲ್ಲ. ಹತ್ತೂ ಒಂದೇ ದೋಷಯುಕ್ತ ಮಾತೃಪ್ರತಿಯ ಮಕ್ಕಳಾಗಿರಬಹುದು. ಯಂತ್ರಗಳು ಎಷ್ಟೇ ಇರಲಿ, ಅವುಗಳಲ್ಲಿ ನಡೆಯುವ ತಂತ್ರಾಂಶದ ಮಾತೃಪ್ರತಿ ಒಂದೇ. ಅದನ್ನು ಕಾಯುವ ಕೈಯೂ ಎಷ್ಟೋ ಸಲ ಒಂದೇ.

ಕಡತಗಳನ್ನು ಅಡಕಗೊಳಿಸುವ ಎಕ್ಸ್‌ಝೆಡ್ ಎಂಬ ಮುಕ್ತ ತಂತ್ರಾಂಶದ ಕಥೆ ಇಂಥದು. ಲೆಕ್ಕವಿಲ್ಲದಷ್ಟು ಯಂತ್ರಗಳಲ್ಲಿ ಅದಿತ್ತು. ಪಾಲಿಸುತ್ತಿದ್ದವರು ಒಬ್ಬರು, ಅದೂ ಸಂಬಳವಿಲ್ಲದೆ, ಬಿಡುವಿನ ವೇಳೆಯಲ್ಲಿ. 2021ರ ಸುಮಾರಿಗೆ ಸಹಾಯಕನೊಬ್ಬ ಬಂದನು. ಹೆಸರು ನಿಜವಾದದ್ದಲ್ಲವೆಂದು ಈಗ ನಂಬಲಾಗಿದೆ. ಕೆಲಸ ಅಚ್ಚುಕಟ್ಟು. 2022ರಲ್ಲಿ ಅಪರಿಚಿತ ಹೆಸರುಗಳಿಂದ ಆಕ್ಷೇಪಣೆಗಳು ಬಂದವು: ಕೆಲಸ ಸಾಗುತ್ತಿಲ್ಲ, ಬೇರೆಯವರಿಗೆ ಬಿಟ್ಟುಕೊಡಬಾರದೇಕೆ? ದಣಿದ ಪಾಲಕರು ಆ ಸಹಾಯಕನಿಗೆ ಅಧಿಕಾರದಲ್ಲಿ ಪಾಲು ಕೊಟ್ಟರು. 2024ರ ಫೆಬ್ರವರಿಯ ಆವೃತ್ತಿಯಲ್ಲಿ, ದೂರದಿಂದ ಯಂತ್ರದೊಳಕ್ಕೆ ನುಸುಳಲು ಕಳ್ಳಬಾಗಿಲೊಂದು ಅಡಗಿ ಕುಳಿತಿತು.

ಅದನ್ನು ಹಿಡಿದದ್ದು ಯಾವ ಕಾವಲುಪಡೆಯೂ ಅಲ್ಲ. ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರು ಬೇರೇನನ್ನೋ ಪರೀಕ್ಷಿಸುತ್ತಿದ್ದಾಗ ಪ್ರವೇಶಕ್ಕೆ ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿದ್ದುದನ್ನು ಗಮನಿಸಿದರು. ಅರ್ಧ ಸೆಕೆಂಡು! ನಮ್ಮಲ್ಲಿ ಯಾರಾದರೂ ಲಕ್ಷಿಸುತ್ತಿದ್ದೆವೇ? ಅವರು ಬೆನ್ನುಹತ್ತಿ ಹೋಗಿ ಮಾರ್ಚ್ 29ರಂದು ಲೋಕಕ್ಕೆ ಸಾರಿದರು. ದೋಷಪ್ರತಿ ಎಲ್ಲೆಡೆ ಹರಡುವ ಮುನ್ನವೇ ತಡೆಬಿತ್ತು. ಮೂಲವು ಎಲ್ಲರ ಕಣ್ಣಿಗೂ ತೆರೆದಿದ್ದುದರಿಂದಲೇ ಅವರಿಗೆ ಅಷ್ಟು ಆಳಕ್ಕೆ ಹೋಗಲು ಸಾಧ್ಯವಾಯಿತೆಂಬುದನ್ನು ಮರೆಯಲಾಗದು. ಆದರೂ, ಕೆಲಸದ ಫಲವುಂಡ ಶ್ರೀಮಂತ ಸಂಸ್ಥೆಗಳು ಆ ಪಾಲಕರಿಗೆ ಮೊದಲೇ ಇಬ್ಬರು ನಂಬುಗೆಯ ಜೊತೆಗಾರರನ್ನು ಒದಗಿಸಿದ್ದರೆ ಅಪರಿಚಿತನ ಆಸರೆ ಬೇಕಾಗುತ್ತಿತ್ತೇ ಎಂಬ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ಆ ವರ್ಷದ ಮೇ ತಿಂಗಳ ಕೊನೆಯಲ್ಲಿ ಕಳ್ಳಬಾಗಿಲನ್ನು ಕಿತ್ತೊಗೆದ ಶುದ್ಧ ಆವೃತ್ತಿ ಹೊರಬಂದಿತು. ಹೊರತಂದವರು ಅದೇ ಹಳೆಯ ಪಾಲಕರು.